ತಮಟೆ ಹೋದಷ್ಟು ದೂರ

ಆಷಾಢದ ಗಾಳಿ ಬೀಸುತ್ತಿದ್ದ ಕಾಲ, ಬೆಳಗಿನ ಐದು ಗಂಟೆ. ಕಾಗೆ ಕೂಡ ಎದ್ದಿರಲಿಲ್ಲ. ದಿಂಬಿನ ಪಕ್ಕದಲ್ಲಿದ್ದ ಫೋನು ಬಡಕೊಂಡಿತು. ಆ ಹೊತ್ತಿಗೆ ಫೋನು ಬಂದರೆ ನಮ್ಮ ಕಡೆ ಯಾರೋ ಹೋದರು ಅಂತಲೇ ಲೆಕ್ಕ. ಎದೆ ಹಿಡಿದುಕೊಂಡು ಎತ್ತಿದೆ.

"ಅಮ್ಮಾ, ನಾನು ಚಲುವರಾಜು. ಹೈಸ್ಕೂಲ್ ಮೇಷ್ಟ್ರು. ಮಧುಶ್ರೀ ಎದ್ದಿದ್ದಾಳಾ?"

"ಯಾಕಪ್ಪಾ, ಯಾರಿಗೆ ಏನಾಯ್ತು?"

"ಯಾರಿಗೂ ಏನೂ ಆಗಿಲ್ಲ ಅಮ್ಮ. ಓದೋಕೆ ಎಬ್ಬಿಸಿ. ನಾಳೆಯಿಂದ ದಿನಾ ಇದೇ ಟೈಮಿಗೆ ಮಾಡ್ತೀನಿ."

ಆ ವರ್ಷ ಶುರುವಾದದ್ದು ಹಾಗೆ. ಮುಗಿಯುವ ತನಕ ನನ್ನ ಎದೆಬಡಿತ ಆ ಫೋನಿನ ಗತಿಯಲ್ಲೇ ಇತ್ತು.

ಮಧುಶ್ರೀ ನನ್ನ ಮಗ ಬೈರಣ್ಣನ ಮಗಳು. ಒಂಬತ್ತನೇ ಕ್ಲಾಸಿನ ತನಕ ಜೆ.ಪಿ. ನಗರದ ಒಂದು ಇಂಗ್ಲಿಷ್ ಶಾಲೆಗೆ ಹಳದಿ ವ್ಯಾನಿನಲ್ಲಿ ಹೋಗಿ ಬರುತ್ತಿದ್ದಳು. ಬೇಸಿಗೆ ರಜೆಗೆ ಮುಂಚೆ ಆ ಶಾಲೆಯವರು ಬೈರಣ್ಣನನ್ನೂ ಸೊಸೆ ರಮ್ಯಳನ್ನೂ ಕರೆಸಿ, ತಣ್ಣನೆ ರೂಮಿನಲ್ಲಿ ಕೂರಿಸಿ, ಕಾಫಿ ಕೊಟ್ಟು ಹೇಳಿದರಂತೆ: "ಫೇಲ್ ಮಾಡಲ್ಲ ಸರ್, ಪಾಸ್ ಮಾಡೇ ಟಿ.ಸಿ. ಕೊಡ್ತೀವಿ. ಹತ್ತನೇ ಕ್ಲಾಸಲ್ಲಿ ನಮ್ದು ಪ್ರತಿ ವರ್ಷ ಹಂಡ್ರೆಡ್ ಪರ್ಸೆಂಟು. ನಿಮ್ಮ ಮಗಳ ಮ್ಯಾಥ್ಸ್ ನೋಡಿದ್ರೆ..." ಉಳಿದದ್ದನ್ನು ನಗುವಿನಲ್ಲೇ ಮುಗಿಸಿದರಂತೆ.

ಹತ್ತನೇ ಕ್ಲಾಸಿಗೆ ಬೇರೆ ಯಾವ ಶಾಲೆಯೂ ಹೊಸಬರನ್ನು ತೆಗೆದುಕೊಳ್ಳುವುದಿಲ್ಲ. ಕೊನೆಗೆ ಉಳಿದದ್ದು ನಮ್ಮ ಸಾರಕ್ಕಿಯ ಸರ್ಕಾರಿ ಹೈಸ್ಕೂಲು. ನಮ್ಮ ವಠಾರದ ಬಾಡಿಗೆಯವರ ಮಕ್ಕಳೆಲ್ಲ ಹೋಗುವುದು ಅಲ್ಲಿಗೇ. ಬೈರಣ್ಣನಿಗೆ ಅದೇ ನುಂಗಲಾರದ ತುತ್ತಾಯಿತು. ಹುಡುಗಿಯಂತೂ ಗೋಡೆ ಕಡೆ ಮುಖ ಮಾಡಿ ಮಲಗಿದವಳು ಊಟಕ್ಕೂ ಏಳಲಿಲ್ಲ. "ನನ್ನ ಕಂಡ್ರೆ ಅವ್ರ ರಿಸಲ್ಟ್ ಕೆಡುತ್ತಂತೆ ಅಜ್ಜಿ" ಅಂದಳು. ಸೂತಕದ ಮನೆಯವರನ್ನು ಶುಭಕಾರ್ಯದಿಂದ ದೂರ ಇಡುತ್ತಾರಲ್ಲ, ಹಾಗೆ ಅನ್ನಿಸಿತ್ತು ಮಗುವಿಗೆ.

ಮನೆಯ ಹಿಂದೆ, ಒಂದು ಕಾಲಕ್ಕೆ ನಾವು ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ, ಶೀಟು ಹೊದಿಸಿದ ಸಾಲು ಮನೆಗಳಿವೆ. ಅದೇ ನಮ್ಮ ವಠಾರ. ಕೊನೆಯ ಮನೆಯಲ್ಲಿದ್ದವರು ಲಿಂಗಸುಗೂರು ಕಡೆಯ ಭೀಮೇಶ, ಹುಲಿಗೆಮ್ಮ. ಗಾರೆ ಕೆಲಸದವರು. ಅವರ ದೊಡ್ಡ ಮಗಳು ಪ್ರಕೃತಿ ಮಧುಶ್ರೀಯ ಕ್ಲಾಸು, ಅದೇ ಬೆಂಚು.

ಆ ಶಾಲೆಯಲ್ಲಿ ಒಂದು ಪದ್ಧತಿ. ಓದಿನಲ್ಲಿ ಹಿಂದಿರುವ ಮಕ್ಕಳನ್ನು ಮೇಷ್ಟ್ರುಗಳು ಹಂಚಿಕೊಂಡು ದತ್ತು ತೆಗೆದುಕೊಳ್ಳುತ್ತಾರೆ. ಮಧುಶ್ರೀ ಗಣಿತದ ಚಲುವರಾಜು ಮೇಷ್ಟ್ರ ಪಾಲಿಗೆ ಬಂದಳು. ಒಂದು ಸಂಜೆ ಅವರು ಸ್ಕೂಟರಿನಲ್ಲಿ ಮನೆಗೇ ಬಂದರು. ತೆಳ್ಳನೆ ಮನುಷ್ಯ, ಮಾತು ಕಡಿಮೆ.

"ಅಮ್ಮ, ನಾನು ಎಬ್ಬಿಸಬಲ್ಲೆ, ಪಕ್ಕದಲ್ಲಿ ಕೂರೋಕಾಗಲ್ಲ. ಪ್ರಕೃತಿ ಲೆಕ್ಕದಲ್ಲಿ ಚುರುಕು. ಇಬ್ಬರನ್ನೂ ಒಟ್ಟಿಗೆ ಕೂರಿಸಿ. ಅವಳು ಹೇಳಿಕೊಟ್ರೆ ಅವಳಿಗೂ ಗಟ್ಟಿಯಾಗುತ್ತೆ, ಮಧುಶ್ರೀಗೂ ತಲೆಗೆ ಹತ್ತುತ್ತೆ."

ಅಂದಿನಿಂದ ತಾರಸಿ ಮೇಲಿನ ಶೀಟಿನ ರೂಮು ಹುಡುಗಿಯರದಾಯಿತು. ಐದಕ್ಕೆ ಫೋನು, ಕೂಡಲೇ ನಾನು ಕೆಳಗಿಳಿದು ಕೊನೆಯ ಮನೆಯ ಬಾಗಿಲು ತಟ್ಟಬೇಕು, ಆಮೇಲೆ ಇಬ್ಬರಿಗೂ ಹಾಲು. ಅವರು ಓದುವಾಗ ನಾನು ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಎರಡನೇ ಕ್ಲಾಸಿಗೆ ಬಿಟ್ಟವಳು ನಾನು. ಅವರು ಓದುವುದು ಸರಿಯೋ ತಪ್ಪೋ ತಿಳಿಯದು. ದನಿ ಮಾತ್ರ ತಿಳಿಯುತ್ತಿತ್ತು. ಬೇರೆ ಪಾಠಕ್ಕೆ ಮಧುಶ್ರೀಯ ದನಿ ಸಲೀಸಾಗಿ ಹರಿಯುವುದು. ಲೆಕ್ಕ ಬಂದ ಕೂಡಲೇ ಬಾವಿಗೆ ಬಿದ್ದ ಕೊಡದ ಹಾಗೆ ಆಳಕ್ಕೆ ಇಳಿದುಬಿಡುವುದು.

"ಎಕ್ಸ್ ಅಂದ್ರ ದೆವ್ವ ಅಲ್ಲಲೇ ಮಧು. ಅಂಜಬ್ಯಾಡ. ಅದರ ಹೆಸರು ನಮಗ ಗೊತ್ತಿಲ್ಲ ಅಷ್ಟ."

"ನಿಂಗೇನಮ್ಮ, ಹೊಟ್ಟೇಲೇ ಮಗ್ಗಿ ಕಲಿತು ಬಂದಿದ್ಯ."

"ಹೌದು, ನಮ್ಮವ್ವ ಸಿಮೆಂಟ್ ಪುಟ್ಟಿ ಎಣಿಸ್ತಿದ್ಲು, ನಾ ಒಳಗ ಕೇಳ್ತಿದ್ನಿ. ಈಗ ಬರಿ."

ನಗು. ಆಮೇಲೆ ಪೆನ್ಸಿಲಿನ ಸದ್ದು. ದಸರಾ ಕಳೆದು ಬಂದ ಪರೀಕ್ಷೆಯಲ್ಲಿ ಎಲ್ಲದರಲ್ಲೂ ಪಾಸು, ಗಣಿತದಲ್ಲಿ ಮಾತ್ರ ಇಲ್ಲ. ಆದರೆ ಮೇಷ್ಟ್ರು, "ಅರ್ಧ ದಾರಿ ಬಂದಿದ್ದಾಳೆ ಅಮ್ಮ, ಈ ಜೋಡಿ ಮುರೀಬೇಡಿ" ಅಂದರು. ಆ ಮಾತನ್ನು ನಾನು ಸೆರಗಿಗೆ ಗಂಟು ಹಾಕಿಕೊಂಡೆ.

ಸಂಕ್ರಾಂತಿಯ ಎಳ್ಳು ಬೀರಿ ಬಂದ ಸಂಜೆ ಬೈರಣ್ಣ ಜಗುಲಿಯ ಮೇಲೆ ಕೂತು ಹೇಳಿದ: "ಅವ್ವ, ವಠಾರ ಕೆಡವ್ತಾ ಇದೀನಿ. ಹೆಣ್ಣುಮಕ್ಕಳ ಪಿ.ಜಿ. ಕಟ್ಟೋದು. ಯುಗಾದಿ ದಿವಸ ಗುದ್ದಲಿ ಪೂಜೆ. ಅಷ್ಟರೊಳಗೆ ಜಾಗ ಖಾಲಿ ಇರಬೇಕು ಅಂದಿದಾರೆ ಕಂಟ್ರಾಕ್ಟರು. ಬಾಡಿಗೆಯೋರಿಗೆ ಮಾರ್ಚ್ ಹದಿನೈದು ಅಂತ ಹೇಳ್ಬಿಟ್ಟೆ."

"ಹುಡುಗೀರ ಪರೀಕ್ಷೆ ಯಾವಾಗ?"

"ಅದಾದ್ಮೇಲೆ ಶುರು. ಅವಳ ಪಾಡಿಗೆ ಅವಳು ಓದ್ಲಿ, ಈ ಮನೇನೇನು ಕೆಡವ್ತಿಲ್ವಲ್ಲ."

ಅವನಿಗೆ ತಾರಸಿ ರೂಮಿನ ಸಂಗತಿ ಗೊತ್ತಿತ್ತು. ಅದು ಎಷ್ಟು ದೊಡ್ಡದು ಅನ್ನುವುದು ಗೊತ್ತಿರಲಿಲ್ಲ. ಗೊತ್ತುಮಾಡಿಸುವ ಮಾತುಗಾರಿಕೆ ನನಗೆ ಬರದು.

ಇನ್ನು ಎಲ್ಲಿಗೆ ಹೋಗುತ್ತೀರಿ ಅಂತ ಹುಲಿಗೆಮ್ಮನನ್ನು ಕೇಳಿದೆ. ನಲ್ಲಿ ಹತ್ತಿರ ಪಾತ್ರೆ ಉಜ್ಜುತ್ತಾ ಅಂದಳು: "ಅಂಜನಾಪುರದಾಗ ಒಬ್ಬರು ಸಾಹುಕಾರರು ಮನಿ ಕಟ್ಟಸ್ಲಿಕ್ಕತ್ಯಾರ್ರಿ ಅಮ್ಮಾರ. ವಾಚ್‌ಮನ್ ಶೆಡ್ ಕೊಡ್ತಾರಂತ. ಯುಗಾದಿಯೊಳಗ ಬರ್ರಿ ಅಂದಾರ. ನಾವಿಬ್ರೂ ಕೆಲಸಕ್ಕ ಹೋದ್ರ ಸಣ್ಣಾಕಿನ್ನ ನೋಡಾಕ ಪ್ರಕೃತಿ ಬೇಕಲ್ರಿ. ಪರೀಕ್ಷಿ ದಿನಾ ಬಸ್ ಹತ್ತಿ ಬಂದು ಬರದು ಹೋಗ್ತಾಳ."

ಈ ಮಾತು ಮಧುಶ್ರೀಯ ಕಿವಿಗೆ ಬಿದ್ದ ವಾರವೇ ಪೂರ್ವಸಿದ್ಧತಾ ಪರೀಕ್ಷೆ. ಗಣಿತದ ಉತ್ತರ ಪತ್ರಿಕೆಯಲ್ಲಿ ಅವಳು ಅರ್ಧ ಹಾಳೆ ಬರೆದು ಉಳಿದದ್ದನ್ನು ಖಾಲಿ ಬಿಟ್ಟು ಬಂದಿದ್ದಳು. ಮೇಷ್ಟ್ರು ಏನೂ ಬಯ್ಯಲಿಲ್ಲ. ಮರುದಿನ ಬೆಳಿಗ್ಗೆ ಐದಕ್ಕೆ ಫೋನಿನಲ್ಲಿ, "ಅಮ್ಮ, ಹುಡುಗಿ ಹೆದರಿಬಿಟ್ಟಿದ್ದಾಳೆ" ಅಂದರು, ಅಷ್ಟೆ.

ಆಗ ನನಗೆ ಸಾರು ನೆನಪಾಯಿತು.

ನಮ್ಮೂರಮ್ಮನ ಹಬ್ಬಕ್ಕೆ ಮುಂಚೆ ತಮಟೆ ಹೊಡೆದು ಊರಿಗೆ ಸಾರುತ್ತಾರೆ. ಸಾರು ಬಿದ್ದ ರಾತ್ರಿ ಊರೊಳಗೆ ಯಾರು ಮಲಗಿರುತ್ತಾರೋ, ಒಕ್ಕಲಾಗಲಿ ನೆಂಟರಾಗಲಿ, ಹಬ್ಬ ಮುಗಿಯುವ ತನಕ ಬಿಡಾರ ಎತ್ತಬಾರದು. ಹಗಲು ಎಲ್ಲಿಗಾದರೂ ಹೋಗಿ ದೀಪದ ಹೊತ್ತಿಗೆ ಬಂದುಬಿಡಬೇಕು. ನೆಲ ಅಗೆಯುವ ಹಾಗಿಲ್ಲ, ಗೋಡೆ ಕೆಡವುವ ಹಾಗಿಲ್ಲ. ನಮ್ಮಲ್ಲಿ ಸಾರು ಹಾಕಿದ ಮೂರನೇ ಮಂಗಳವಾರ ಹಬ್ಬ. ಸಾರು ಬೀಳಬೇಕಾದರೆ ಯಜಮಾನರ ಮನೆಯಿಂದ ಪೂಜಾರಿಗೆ ವೀಳ್ಯ ಹೋಗಬೇಕು. ಯಜಮಾನರ ಮನೆ ಅಂದರೆ ನಮ್ಮದೇ. ಕೊರೋನಾ ವರ್ಷ ನಮ್ಮ ಮನೆಯವರು ತೀರಿಕೊಂಡ ಮೇಲೆ ವೀಳ್ಯ ಕೊಡುವವರೂ ಇಲ್ಲ, ಕೇಳುವವರೂ ಇಲ್ಲ; ಹಬ್ಬ ನಿಂತೇ ಹೋಗಿತ್ತು.

ಶಿವರಾತ್ರಿ ಕಳೆದ ಸೋಮವಾರ ನಾನು ಹಿತ್ತಾಳೆ ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟುಕೊಂಡು ಪೂಜಾರಪ್ಪನ ಮನೆಗೆ ಹೋದೆ. ಮುದುಕ ಟೀವಿ ನೋಡುತ್ತಿದ್ದ. ತಟ್ಟೆ ಕಂಡು ಎದ್ದು ನಿಂತ.

"ಲಕ್ಷ್ಮಮ್ಮಾ, ಬೈರಣ್ಣನಿಗೆ ಗೊತ್ತಾ?"

"ಮನೆಗೆ ಹಿರಿಯೋಳು ನಾನೋ ಅವನೋ?"

ಮುದುಕ ಕಣ್ಣೊರೆಸಿಕೊಂಡು ತಟ್ಟೆ ತೆಗೆದುಕೊಂಡ. ಪರೀಕ್ಷೆ ಶುರುವಾಗುವ ವಾರದ ಮಂಗಳವಾರ ಸಾರು ಅಂತ ನಿಗದಿಯಾಯಿತು. ಹದಿನೈದನೇ ತಾರೀಕಿಗೆ ಮೊದಲೇ ಅದು ಬರುತ್ತಿತ್ತು; ಹಬ್ಬದ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತಿತ್ತು.

ಬೈರಣ್ಣ ರೇಗುತ್ತಾನೆ ಅಂತ ಹೆದರಿದ್ದೆ. ಆದರೆ ಕಾರ್ಪೊರೇಷನ್ ಎಲೆಕ್ಷನ್ನಿಗೆ ನಿಲ್ಲುವ ಆಸೆ ಅವನಿಗೆ. ಎರಡೇ ದಿನದಲ್ಲಿ ಸಿಗ್ನಲ್ ಹತ್ತಿರ ಅವನು ಕೈಮುಗಿದುಕೊಂಡು ನಿಂತ ಫ್ಲೆಕ್ಸ್ ಎದ್ದಿತು. ಕಂಟ್ರಾಕ್ಟರಿಗೆ ಅವನೇ ಫೋನು ಮಾಡಿ, "ಅಮ್ಮನೋರ ವಿಷಯ ಗುರು, ಹಬ್ಬ ಆಗ್ಲಿ, ಆಮೇಲೆ ಜೆಸಿಬಿ ಕಳ್ಸು" ಅಂದ. ಭೀಮೇಶನಿಗೂ ಹೇಳಿ ಕಳಿಸಿದ. ಭೀಮೇಶ ತಲೆ ಕೆರೆದುಕೊಂಡು, "ದ್ಯಾವರ ಕಟ್ಟು ಮುರ್ಯಾಕ ಬರಂಗಿಲ್ರಿ" ಅಂತ ಸುಮ್ಮನಾದ. ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಆಮೇಲೆ ಹಬ್ಬದ ತನಕ ಅಂಥ ನಿದ್ದೆ ಬರಲಿಲ್ಲ.

ಯಾಕೆಂದರೆ ಮರುದಿನ ಮಧ್ಯಾಹ್ನ ಪೂಜಾರಪ್ಪ ಮನೆಗೆ ಬಂದು ಮಧುಶ್ರೀಯ ಕೈ ನೋಡಿ, "ಇದಕ್ಕೇ ಕಂಕಣ. ಯಜಮಾನರ ಮನೆ ಮೊದಲ ಆರತಿ ಈ ಮಗೂದೇ. ಸಾರಿನ ದಿವಸ ಕಟ್ಟಿದ್ರೆ ಹಬ್ಬದ ತನಕ ಬಿಚ್ಚಂಗಿಲ್ಲ, ಗಡಿ ದಾಟಂಗಿಲ್ಲ, ಗೊತ್ತಲ್ಲ" ಅಂದ. ಅವನು ಹೊರಟ ಹಿಂದೆಯೇ ಹುಡುಗಿಯರು ಶಾಲೆಯಿಂದ ತಂದ ಹಾಲ್ ಟಿಕೆಟ್ ತೋರಿಸಿದರು. ಪರೀಕ್ಷೆ ನಮ್ಮ ಶಾಲೆಯಲ್ಲಲ್ಲ. ಜಯನಗರ ಎಂಟನೇ ಬ್ಲಾಕಿನ ಒಂದು ಶಾಲೆಯಲ್ಲಿ, ಊರ ಗಡಿಯಾಚೆ.

ಉಳಿದವರು ಹಗಲು ಹೋಗಿ ಬರಬಹುದು. ಕಂಕಣ ಕಟ್ಟಿದವಳು ಹಗಲೂ ಹೋಗುವಂತಿಲ್ಲ. ಇದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ನಮ್ಮ ಕಾಲದಲ್ಲಿ ಆರತಿ ಹೊರುವ ಹುಡುಗಿಯರಿಗೆ ಗಡಿಯಾಚೆ ಏನು ಕೆಲಸವಿತ್ತು? ಹೊಲ, ಕೆರೆ, ಮನೆ, ಎಲ್ಲ ಒಳಗೇ. ಹಾಗಾಗಿ ಆ ಕಟ್ಟು ನನ್ನ ಎಣಿಕೆಗೇ ಬರಲಿಲ್ಲ. ಒಂದು ಹುಡುಗಿಯನ್ನು ಹಿಡಿದಿಡಲು ಹಾಕಿದ ಬೇಲಿಯೊಳಗೆ ಇನ್ನೊಂದು ಹುಡುಗಿ ಸಿಕ್ಕಿಕೊಂಡಿದ್ದಳು.

ಆ ಸಂಜೆ ಅಡುಗೆ ಮನೆಯಲ್ಲಿ ಜಗಳ.

"ರೀ, ಕಂಕಣ ಬೇಡ ಅಂದ್ಬಿಡಿ. ಬೇರೆ ಯಾರಿಗಾದ್ರೂ ಕಟ್ಲಿ" ಅಂದಳು ರಮ್ಯ.

"ಯಜಮಾನ್ರ ಮನೆ ಆರತಿ ಪಕ್ಕದ ಮನೆಯೋಳು ಹೊರ್ತಾಳಾ? ನಾಳೆ ಊರ ಮುಂದೆ ಏನಂತ ಓಟು ಕೇಳ್ಲಿ? ವೀಳ್ಯ ಕೊಟ್ಟೋರು ಯಾರು, ನಾನಾ? ಕೇಳು ನಿಮ್ಮತ್ತೇನ."

"ಪರೀಕ್ಷೆಗೇನು ಮಾಡ್ತೀರಿ?"

"ಈಗ ಮೂರು ಸಲ ಇಡ್ತಾರಲ್ಲಮ್ಮ. ಈ ಸಲ ಬಿಟ್ಟು ಎರಡನೇದು ಬರೀಲಿ. ಆಕಾಶ ಕಳಚಿ ಬೀಳುತ್ತಾ?"

ಮಧುಶ್ರೀ ಬಾಗಿಲಲ್ಲಿ ನಿಂತಿದ್ದಳು. ನನ್ನ ರೂಮಿಗೆ ಬಂದು ಹಾಸಿಗೆ ತುದಿಯಲ್ಲಿ ಕೂತಳು.

"ಅಜ್ಜಿ, ಎರಡನೇ ಸಲಕ್ಕೆ ಪ್ರಕೃತಿ ಇರಲ್ಲ. ಅವಳಿಲ್ದೆ ನಂಗೆ ಬರಲ್ಲ. ಈ ಸಲ ಬರೀಲಿಲ್ಲ ಅಂದ್ರೆ ನಾನು ಓದೋದೇ ಬಿಟ್ಬಿಡ್ತೀನಿ. ಆಮೇಲೆ ನನ್ನ ಯಾರೂ ಎಬ್ಬಿಸಬೇಡಿ."

ದನಿ ಬಾವಿಯೊಳಗಿಂದ ಬಂದಂತಿತ್ತು.

ಸಾರಿಗೆ ಎರಡು ದಿನ ಇರುವಾಗ ತಮಟೆಯ ಹನುಮಂತ ಮನೆ ಮುಂದೆ ಬಂದು, ಹುಲ್ಲು ಉರಿಸಿ ತಮಟೆ ಕಾಯಿಸಿ ಹದ ನೋಡುತ್ತಿದ್ದ. ನಾನು ಮೆಟ್ಟಿಲ ಮೇಲೆ ಅವರೆಕಾಯಿ ಬಿಡಿಸುತ್ತಿದ್ದೆ. ಪ್ರಕೃತಿಯೂ ಪಕ್ಕದಲ್ಲಿ ಕೂತು ಬಿಡಿಸುತ್ತಿದ್ದಳು. ಆ ಹುಡುಗಿಗೆ ಸುಮ್ಮನೆ ಕೂರಲು ಬಾರದು.

"ಅಣ್ಣಾ, ಈ ಗಡಿ ಗಡಿ ಅಂತಾರಲ್ಲ, ಅದು ಎಲ್ಲೈತಿ? ಕಲ್ಲು ನೆಟ್ಟಾರೇನು?" ಅಂದಳು.

ಹನುಮಂತ ನಕ್ಕ. "ಕಲ್ಲೂ ಇಲ್ಲ ಮಣ್ಣೂ ಇಲ್ಲ ಕಣವ್ವ. ನಮ್ಮಪ್ಪ ಒಂದು ಹುಣಸೇಮರದ ತಂಕ ಬಡ್ಕೊಂಡ್ ಹೋಗಿ ತಿರುಗೋನು. ಮರ ಹೋಯ್ತು, ಪೆಟ್ರೋಲ್ ಬಂಕ್ ಬಂತು. ಹೋದ ಸಲ ಸಿಗ್ನಲ್ ಹತ್ರ ಪೊಲೀಸ್ನೋರು ಬೈದ್ರು, ಅಲ್ಲೇ ತಿರುಗಿದೆ. ತಮಟೆ ಎಲ್ಲೀ ತಂಕ ಹೋಯ್ತೋ, ಅಮ್ಮನೋರ ಎಡೆ, ಆ ಚರಗದನ್ನ, ಎಲ್ಲಿ ಚೆಲ್ಲುದ್ರೋ, ಅದೇ ಆ ವರ್ಷದ ಗಡಿ."

ಪ್ರಕೃತಿ ಕೈಯಲ್ಲಿದ್ದ ಕಾಯಿ ಬಿಟ್ಟು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

"ಅಣ್ಣಾ, ಜಯನಗರ ಎಂಟನೇ ಬ್ಲಾಕಿನ ತನಕ ಬಡ್ಯಾಕ ನಿಮ್ಮ ಕೈ ನೋಯ್ತಾವೇನು?"

"ನಡ್ಕೊಂಡಾದ್ರೆ ಕಾಲು ನೋಯ್ತವೆ" ಅಂದ ಹನುಮಂತ.

ಪೂಜಾರಪ್ಪ ಒಪ್ಪುವುದಕ್ಕೆ ಒಂದು ಪೂರ್ತಿ ಮಧ್ಯಾಹ್ನ ಹಿಡಿಯಿತು. "ನಡುವೆ ಮೆಟ್ರೋ ಕಂಬ ಇದೆಯಲ್ಲ ಲಕ್ಷ್ಮಮ್ಮ. ಅಮ್ಮನೋರು ಅದರ ಕೆಳಗೆ ನುಸೀಬೇಕಾ?" ಅಂದ. "ಮಕ್ಕಳನ್ನ ಕಾಯೋಳು ಎಲ್ಲಿ ಬೇಕಾದ್ರೂ ನುಸೀತಾಳೆ" ಅಂದೆ. ಬೈರಣ್ಣ ಮಾತ್ರ ತಲೆ ಅಲ್ಲಾಡಿಸುತ್ತಲೇ ಇದ್ದ. "ಜನ ನಗ್ತಾರೆ ಅವ್ವ. ಸಾರಕ್ಕಿ ಸಾರು ಜಯನಗರದಲ್ಲಾ?"

ನಾನು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದೆ: "ನೀನು ನಿಲ್ಲೋ ವಾರ್ಡು ಎಲ್ಲೀ ತನಕ ಬರುತ್ತೆ ಮಗ?"

ಅವನು ಜೇಬಿನಿಂದ ಫೋನು ತೆಗೆದ. ಆಮೇಲೆ, "ಲಗ್ಗೇಜ್ ಆಟೋಗೆ ಹೇಳ್ತೀನಿ" ಅಂದ.

ಮಂಗಳವಾರ ದೀಪ ಹಚ್ಚುವ ಹೊತ್ತು. ಗುಡಿಯ ಮುಂದೆ ಮಧುಶ್ರೀಯ ಬಲಗೈಗೆ ಅರಿಸಿನದ ಕೊಂಬು ಕಟ್ಟಿದ ದಾರ ಬಿತ್ತು. ಲಗ್ಗೇಜ್ ಆಟೋದ ಹಿಂದೆ ಹನುಮಂತ, ಅವನ ತಮ್ಮ, ಪೂಜಾರಪ್ಪ, ಅವನ ಮಡಿಲಲ್ಲಿ ಚರಗದನ್ನದ ಪುಟ್ಟಿ. ಇನ್ನೊಂದು ಆಟೋದಲ್ಲಿ ಬೈರಣ್ಣ, ನಾನು. ತಮಟೆ ಶುರುವಾಯಿತು. ಸದ್ದು ನಡುವೆ ಕಡಿಯಬಾರದು; ಕಡಿದರೆ ಗಡಿ ಅಲ್ಲಿಗೇ ನಿಂತಂತೆ. ನನಗೆ ಇದೊಂದೇ ಭಯ.

ಆಫೀಸು ಬಿಟ್ಟ ಹೊತ್ತು. ಸಾರಕ್ಕಿ ಸಿಗ್ನಲ್ಲಿನಲ್ಲಿ ಗಾಡಿಗಳು ಗೋಡೆ ಕಟ್ಟಿದ ಹಾಗೆ ನಿಂತಿದ್ದವು. ಹಾರ್ನುಗಳ ನಡುವೆ ತಮಟೆ ಕೇಳಿಸುತ್ತಿದೆಯೋ ಇಲ್ಲವೋ ಅಂತ ನಾನು ಆಟೋದಿಂದ ತಲೆ ಹೊರಗೆ ಹಾಕಿದೆ. ಬನಶಂಕರಿ ಹತ್ತಿರ ಟ್ರಾಫಿಕ್ ಪೊಲೀಸಿನವನು ಕೈ ಅಡ್ಡ ಹಿಡಿದ.

"ಏನ್ರೀ ಇದು, ಯಾರದ್ದು ಸಾವು? ಪರ್ಮಿಷನ್ ಎಲ್ಲಿ? ನಿಲ್ಸಿ ಬಡಿಯೋದು."

ಬೈರಣ್ಣ ಇಳಿದು ಓಡಿದ. "ಸಾರ್ ಸಾರ್, ಸಾವಲ್ಲ, ಸಾರು. ಅಮ್ಮನೋರ್ದು."

"ಅಮ್ಮನೋರು ಆಟೋದಲ್ಲಿ ಬರ್ತಾರೇನ್ರೀ?"

ಮಾತು ನಡೆಯುತ್ತಲೇ ಇತ್ತು. ಲಗ್ಗೇಜ್ ಆಟೋ ಕಡೆ ನೋಡಿದೆ. ಹನುಮಂತ ಕೋಲು ಕೆಳಗಿಟ್ಟಿದ್ದ. ನಾನು ಆಟೋದಿಂದ ಕಾಲು ಕೆಳಗಿಟ್ಟೆ. ಆಮೇಲೆ ಕಂಡಿತು: ಅವನು ಬರೀ ಒಂದು ಬೆರಳಿನಲ್ಲಿ, ತಮಟೆಯನ್ನು ಎದೆಗೆ ಒತ್ತಿಕೊಂಡು, ಮಗುವಿನ ಬೆನ್ನು ತಟ್ಟುವ ಹಾಗೆ ತಟ್ಟುತ್ತಾ ಇದ್ದ. ಸದ್ದು ಕಡಿದಿರಲಿಲ್ಲ. ಪೊಲೀಸಿನವನು ಕೊನೆಗೆ ತಾನೇ ಕೈ ಮುಗಿದು, "ಬೇಗ ಹೋಗ್ರಪ್ಪ ಅತ್ಲಾಗೆ" ಅಂದ.

ಎಂಟನೇ ಬ್ಲಾಕಿನ ಆ ಶಾಲೆಯ ಕಾಂಪೌಂಡು ಸುತ್ತಿ, ಆಚೆ ಬದಿಯ ಮೂಲೆಯಲ್ಲಿ ಪೂಜಾರಪ್ಪ ಅನ್ನ ಚೆಲ್ಲಿದ. ವಾಕಿಂಗ್ ಮುಗಿಸಿ ಬರುತ್ತಿದ್ದ ಇಬ್ಬರು ಹಿರಿಯರು ನಿಂತು ನೋಡಿದರು. "ಏನು ವಿಶೇಷ?" ಅಂತ ಕೇಳಿದರು. "ಹಬ್ಬಕ್ಕೆ ಬನ್ನಿ ಸಾರ್, ನಿಮ್ಮ ಮನೇನೂ ನಮ್ಮೂರೊಳಗೇ ಸೇರ್ಕೊಂಡಿದೆ ಈಗ" ಅಂದ ಬೈರಣ್ಣ. ಅವನ ಮುಖದಲ್ಲಿ ಆಗಲೇ ಗೆದ್ದವನ ಕಳೆಯಿತ್ತು.

ನನಗೆ ಆ ಕಳೆ ಇರಲಿಲ್ಲ. ಪರೀಕ್ಷೆ ಇನ್ನೂ ಮುಂದಿತ್ತು.

ಮೊದಲ ವಾರದ ಪತ್ರಿಕೆಗಳು ಸಲೀಸಾಗಿ ಹೋದವು. ಯುಗಾದಿಯ ಹಿಂದಿನ ಸಂಜೆ ನಲ್ಲಿ ಹತ್ತಿರ ಭೀಮೇಶ ಫೋನಿನಲ್ಲಿ ಮಾತಾಡುತ್ತಿದ್ದದ್ದು ನನಗೆ ಕೇಳಿಸಿತು. "ಸಾವ್ಕಾರ, ಇಲ್ಲಿ ಸಾರು ಬಿದ್ದೈತ್ರಿ. ಇನ್ನೊಂದೀಟು ದಿನ ತಡ್ಕೋರಿ... ಆಗಂಗಿಲ್ಲನ್ರಿ?... ಆತು ಬಿಡ್ರಿ. ಬ್ಯಾರೆದವರಿಗೆ ಕೊಡ್ರಿ." ಫೋನು ಜೇಬಿಗಿಟ್ಟು ಬಹಳ ಹೊತ್ತು ನೀರು ತುಂಬಿದ ಕೊಡವನ್ನೇ ನೋಡುತ್ತಾ ನಿಂತ. ಅಂಜನಾಪುರದ ಶೆಡ್ಡು ಹೋಯಿತು. ಮೇಲೆ ತಾರಸಿಯಲ್ಲಿ ಅವನ ಮಗಳು ನನ್ನ ಮೊಮ್ಮಗಳಿಗೆ ತ್ರಿಕೋನ ಬರೆಸುತ್ತಿದ್ದಳು. ಹೋಗಿ ಏನಾದರೂ ಹೇಳಬೇಕು ಅಂತ ಎದ್ದೆ. ಏನು ಹೇಳುವುದು? ಮತ್ತೆ ಕೂತೆ.

ಗಣಿತ ಪತ್ರಿಕೆ ಸೋಮವಾರ. ಬೆಳಿಗ್ಗೆ ಮೇಷ್ಟ್ರ ಫೋನು ಐದಕ್ಕೆ ಮುಂಚೆಯೇ ಬಂತು. ಅವರಿಗೂ ನಿದ್ದೆ ಇರಲಿಲ್ಲ ಅಂತ ಕಾಣುತ್ತದೆ. ಇಬ್ಬರನ್ನೂ ಆಟೋದಲ್ಲಿ ಕರೆದುಕೊಂಡು ನಾನೇ ಹೋದೆ. ಚರಗ ಚೆಲ್ಲಿದ ಮೂಲೆ ಗೇಟಿನಿಂದ ಆಚೆಗಿದೆಯೋ ಈಚೆಗಿದೆಯೋ ಅಂತ ಇನ್ನೊಮ್ಮೆ ನೋಡಿಕೊಂಡೆ. ಗೇಟಿನಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಜೇಬು, ಪೌಚು ತಡವಿ ಬಿಡುತ್ತಿದ್ದರು. ಪ್ರಕೃತಿ ಒಳಗೆ ಹೋದಳು. ಅಷ್ಟು ದಿನ ಇಲ್ಲದ ಹೊಸ ಮೇಡಂ ಒಬ್ಬರು ಮಧುಶ್ರೀಯ ಕೈ ಹಿಡಿದು ನಿಲ್ಲಿಸಿದರು.

"ಏನಿದು ಕೈಯಲ್ಲಿ?"

"ಕಂಕಣ ಮಿಸ್. ಊರಹಬ್ಬದ್ದು."

"ಬಿಚ್ಚು. ದಾರದೊಳಗೆ ಚೀಟಿ ಸುತ್ಕೊಂಡು ಬರ್ತೀರ. ಕ್ಯಾಮೆರಾದಲ್ಲಿ ಕಂಡ್ರೆ ನನ್ನ ಕೆಲಸ ಹೋಗುತ್ತೆ."

"ಬಿಚ್ಚಬಾರದು ಮಿಸ್."

"ಹಾಗಾದ್ರೆ ಪಕ್ಕಕ್ಕೆ ನಿಂತ್ಕೋ."

ನಾನು ಗೇಟಿನ ಸರಳು ಹಿಡಿದುಕೊಂಡು ಹೊರಗೆ ನಿಂತಿದ್ದೆ. "ಅಮ್ಮಾ, ಅದು ಅರಿಸಿನ" ಅಂದೆ. ನನ್ನ ದನಿ ಅವರಿಗೆ ತಲುಪಲಿಲ್ಲ. ಸಾಲು ಕರಗುತ್ತಾ ಬಂತು. ಮಧುಶ್ರೀ ಪಕ್ಕದಲ್ಲಿ ನಿಂತು ತನ್ನ ಕೈಯನ್ನೇ ನೋಡುತ್ತಿದ್ದಳು. ಓದಿದ್ದೆಲ್ಲ ಒಂದೊಂದಾಗಿ ಅವಳಿಂದ ಇಳಿದು ಹೋಗುತ್ತಿರುವುದು ನನಗೆ ಹೊರಗಿನಿಂದಲೇ ಕಾಣುತ್ತಿತ್ತು. ಬಿಚ್ಚಿಬಿಡು ಮಗಾ ಅಂತ ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಮೊದಲ ಗಂಟೆ ಹೊಡೆಯಿತು.

ಒಳಗೆ ಹೋಗಿದ್ದ ಪ್ರಕೃತಿ ಮೆಟ್ಟಿಲು ಇಳಿದು ಓಡಿ ಬಂದಳು. ಮೇಡಮ್ಮಿನ ಮುಂದೆ ನಿಂತು, "ಮಿಸ್, ಬಿಚ್ಚಬ್ಯಾಡ್ರಿ, ಮೂಸಿ ನೋಡ್ರಿ. ಚೀಟಿಗೆ ಅರಿಸಿನ ವಾಸ್ನಿ ಬರ್ತೈತೇನ್ರಿ?" ಅಂದಳು.

"ನೀನ್ಯಾರೇ? ನಿನ್ನ ಹಾಲ್ ಬಿಟ್ಟು ಯಾಕೆ ಬಂದೆ?"

"ಇಕಿ ಬರೂತನಕ ನಾನೂ ಇಲ್ಲೇ ನಿಂದ್ರತೀನ್ರಿ."

ಮೇಡಂ ಇಬ್ಬರನ್ನೂ ನೋಡಿದರು. ಗಡಿಯಾರ ನೋಡಿದರು. ಆಮೇಲೆ ಮಧುಶ್ರೀಯ ಕೈ ಎತ್ತಿ, ದಾರದ ಮೇಲೆ ಬೆರಳು ಆಡಿಸಿ, ನಿಜವಾಗಿಯೂ ಮೂಸಿದರು. "ಎಷ್ಟನೇ ತಾರೀಕು ಹಬ್ಬ?" ಅಂದರು. "ಮುಂದಿನ ವಾರ ಮಿಸ್, ಬರ್ರಿ" ಅಂದಳು ಪ್ರಕೃತಿ. "ಓಡಿ, ಓಡಿ" ಅಂದರು ಮೇಡಂ.

ಇಬ್ಬರೂ ಕೈ ಹಿಡಿದು ಓಡಿದರು. ಮೆಟ್ಟಿಲ ಮೇಲೆ ಅವರ ಕೈ ಬಿಟ್ಟುಹೋಯಿತು, ಬೇರೆ ಬೇರೆ ರೂಮು. ಆ ಮೂರು ತಾಸು ನಾನು ಎದುರಿನ ಹೊಂಗೆ ಮರದ ಕೆಳಗೆ ಕೂತಿದ್ದೆ. ದೇವರ ಹೆಸರು ಹೇಳಲೂ ಆಗಲಿಲ್ಲ. ಹೊರಗೆ ಬಂದ ಮಧುಶ್ರೀಯನ್ನು ಏನೂ ಕೇಳಲಿಲ್ಲ. ಅವಳು ಮಾತಾಡುವ ದನಿಗಾಗಿ ಕಾದೆ.

"ಅಜ್ಜಿ, ಹಸಿವು" ಅಂದಳು. ದನಿ ಬಾವಿಯಿಂದ ಮೇಲೆ ಬಂದಿತ್ತು.

ರಿಸಲ್ಟಿನ ಮಾತು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಮನಸ್ಸು ಬರುವುದಿಲ್ಲ. ಅದು ಬಂದದ್ದು ಮೇ ತಿಂಗಳ ಮೊದಲ ವಾರ. ಮಧುಶ್ರೀ ಗಣಿತದಲ್ಲಿ ಹೊಸ್ತಿಲು ದಾಟಿದಳು, ಅಷ್ಟೆ, ಆದರೆ ದಾಟಿದಳು. ಇಡೀ ಶಾಲೆಗೇ ಫಸ್ಟ್ ಬಂದವಳು ಪ್ರಕೃತಿ. ಹೇಳಲು ಚಲುವರಾಜು ಮೇಷ್ಟ್ರು ಫೋನು ಮಾಡಿದರು. "ಅವಳ ನಂಬರ್ ಹತ್ತುತ್ತಿಲ್ಲ ಅಮ್ಮ, ನಿಮ್ಮಲ್ಲಿ ಬೇರೆ ಇದೆಯಾ?" ಅಂದರು. ಇರಲಿಲ್ಲ. ಆಮೇಲೆ ಸಂಜೆ ಅವಳೇ ಊರಿಂದ ಯಾರದೋ ಫೋನಿನಲ್ಲಿ ಮಾಡಿದಳು. ಮೊದಲು ಕೇಳಿದ್ದು, "ಮಧೂದು ಎಷ್ಟಾತ್ರಿ ಅಜ್ಜಿ?"

ಉಳಿದ ಪತ್ರಿಕೆಗಳೂ ಮುಗಿದು ಹಬ್ಬ ಚೆನ್ನಾಗಿಯೇ ಆಯಿತು. ಮಧುಶ್ರೀ ತಂಬಿಟ್ಟಿನ ಆರತಿ ಹೊತ್ತು ಮುಂದೆ ನಡೆದಳು, ಪಕ್ಕದಲ್ಲಿ ಪ್ರಕೃತಿ, ದೀಪಕ್ಕೆ ಗಾಳಿ ತಾಗದ ಹಾಗೆ ಸೆರಗು ಹಿಡಿದುಕೊಂಡು. ಬೈರಣ್ಣ ಎಲ್ಲರಿಗೂ ಕೈಮುಗಿದ. ಬುಧವಾರ ಪೂಜಾರಪ್ಪ ಬಂದು ಕಂಕಣ ಬಿಚ್ಚಿದ. ಅದೇ ಮಧ್ಯಾಹ್ನ ಕಂಟ್ರಾಕ್ಟರು ಅಳತೆ ಟೇಪು ಹಿಡಿದು ವಠಾರಕ್ಕೆ ಬಂದ.

ಸಂಜೆ ನಾನು ಕೊನೆಯ ಮನೆಗೆ ಹೋದೆ. ಹುಲಿಗೆಮ್ಮ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಇಲ್ಲಿ ಬೇರೆ ಕೆಲಸ, ಬೇರೆ ಸೂರು ಸಿಗುವ ತನಕ ಊರಿಗೆ ಹೋಗುತ್ತೇವೆ ಅಂದಳು. ಪ್ರಕೃತಿಯ ಕಾಲೇಜು? "ನೋಡೂನ್ರಿ" ಅಂದಳು.

"ಹುಲಿಗೆಮ್ಮ, ಅಂಜನಾಪುರದ್ದು ನಮ್ಮ ಸಾರಿನಿಂದ ತಪ್ಪಿತು."

ಅವಳು ಚೀಲದ ಬಾಯಿ ಬಿಗಿಯುತ್ತಾ ಅಂದಳು: "ವೀಳ್ಯ ತಗೊಂಡು ನೀವು ಹೋಗಿದ್ದು ನಾ ನೋಡಿದ್ನಿ ಅಮ್ಮಾರ. ಯಾಕ ಅಂತ ತಿಳೀದಷ್ಟು ದಡ್ಡಿ ಅಲ್ಲ ನಾನು. ನನ್ನ ಮಗಳದೂ ಪರೀಕ್ಷಿ ಇತ್ತಲ್ರಿ. ನಮ್ಮ ಯಜಮಾನಗ ನಾ ಹೇಳಿದ್ರ ಕೇಳತಿರಲಿಲ್ಲ, ಅಮ್ಮನ ತಮಟಿ ಹೇಳಿತು." ಚೀಲಕ್ಕೆ ಇನ್ನೊಂದು ಗಂಟು ಹಾಕಿ, "ಆದ್ರ ಶೆಡ್ ಚೊಲೊ ಇತ್ರಿ" ಅಂದಳು.

ನಾನು ಚೀಲದ ಇನ್ನೊಂದು ತುದಿ ಹಿಡಿದುಕೊಂಡೆ.

ಬೆಳಿಗ್ಗೆ ಐದಕ್ಕೆ ರೂಢಿಯಂತೆ ಎಚ್ಚರವಾಯಿತು. ಫೋನು ಸುಮ್ಮನಿತ್ತು. ಎದ್ದು ಹಾಲು ಕಾಯಿಸಿ ಎರಡು ಲೋಟಕ್ಕೂ ಹಾಕಿದೆ. ಮಧುಶ್ರೀ ಯಾರೂ ಎಬ್ಬಿಸದೆ ಎದ್ದು, ತಾನೇ ಹೋಗಿ ಕೊನೆಯ ಮನೆಯ ಬಾಗಿಲು ತಟ್ಟಿದಳು. ಇಬ್ಬರೂ ತಾರಸಿ ಹತ್ತಿ ಹಾಲು ಕುಡಿದು ಇಳಿದರು. ಹೊರಗೆ ಅದೇ ಲಗ್ಗೇಜ್ ಆಟೋ ನಿಂತಿತ್ತು. ಭೀಮೇಶ, ಹುಲಿಗೆಮ್ಮ, ಸಣ್ಣ ಮಗಳು, ಕೊನೆಯಲ್ಲಿ ಪ್ರಕೃತಿ, ಒಬ್ಬರ ಹಿಂದೆ ಒಬ್ಬರು ಹತ್ತಿದರು. ಆಟೋ ಸಿಗ್ನಲ್ ದಾಟಿ ಬನಶಂಕರಿ ಕಡೆ ತಿರುಗಿತು. ಹಬ್ಬ ಕಳೆದ ಗುರುವಾರ ಅದು, ಹಿಡಿದಿಡುವ ಗಡಿ ಇರಲಿಲ್ಲ.